ಮನೆಯ ನೆಕ್ಸ್ಟ್‌ಕ್ಲೌಡ್ ತೆರೆಯದಿದ್ದಾಗ: ರಾಸ್ಪ್‌ಬೆರಿ ಪೈ ಸರ್ವರಿನ ದೋಷ ಹುಡುಕುವ ಬಗೆ

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ನೆಕ್ಸ್ಟ್‌ಕ್ಲೌಡ್ (ಫೋಟೊ, ಫೈಲುಗಳನ್ನು ಮನೆಯಲ್ಲೇ ಇಟ್ಟು ಎಲ್ಲಿಂದಲಾದರೂ ತೆರೆಯುವ ಸಾಫ್ಟ್‌ವೇರ್) ಬಳಸಿ ಸ್ವಂತ ಕ್ಲೌಡ್ ಹಾಕಿಕೊಂಡವರಿಗೆ ಒಂದಲ್ಲ ಒಂದು ದಿನ ‘ಸರ್ವರ್ ಸಿಗುತ್ತಿಲ್ಲ’ ಅನ್ನುವ ಪರದೆ ಕಾಣುತ್ತದೆ. ಆಗ ಹೆಚ್ಚಿನವರು ನೆಟ್‌ನಲ್ಲಿ ಸಿಕ್ಕ ಮೊದಲ ಕಮಾಂಡನ್ನು ಕಾಪಿ ಮಾಡಿ ಟರ್ಮಿನಲ್ಲಿಗೆ ಹಾಕುತ್ತಾರೆ. ಫೋಲ್ಡರಿನ ಪರ್ಮಿಶನ್ 777 ಆಗುತ್ತದೆ, ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು. ರೌಟರಿನಲ್ಲಿ ಪೈ ಡಿಎಂಝಡ್‌ಗೆ, ಅಂದರೆ ಹೊರಗಿನಿಂದ ಬರುವ ಎಲ್ಲವೂ ನೇರ ತಲುಪುವ ಜಾಗಕ್ಕೆ, ಹೋಗುತ್ತದೆ. ಸೈಟಿನ ಗುರುತು ಖಾತ್ರಿ ಮಾಡುವ ಸರ್ಟಿಫಿಕೇಟ್ ತಕರಾರು ಮಾಡಿದರೆ ‘ಇರಲಿ’ ಅಂತ ಒತ್ತಿ ಮುಂದೆ ಹೋಗುತ್ತಾರೆ. ಕೆಲವು ಸಲ ಕ್ಲೌಡ್ ಎದ್ದೂ ಬಿಡುತ್ತದೆ. ಆದರೆ ಅಷ್ಟು ಹೊತ್ತಿಗೆ ಅದು ಸುರಕ್ಷಿತ ಸರ್ವರ್ ಆಗಿ ಉಳಿದಿರುವುದಿಲ್ಲ. ಹೊಸದಾಗಿ ಹಾಕುವಾಗ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ಎಡವಟ್ಟಾಗುವುದು ರಿಪೇರಿ ಹೊತ್ತಿನಲ್ಲಿ.

ಹಾಗಾಗಿ ದೋಷ ಎಲ್ಲಿದೆ ಅಂತ ಹುಡುಕುತ್ತಾ, ಹುಡುಕುವಾಗ ಯಾವ ಬಾಗಿಲ ಚಿಲಕ ತೆಗೆಯಬಾರದು ಅನ್ನುವುದನ್ನೂ ಹೇಳಿಕೊಂಡು ಹೋಗುತ್ತೇನೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ತೀರಾ ಸಾಮಾನ್ಯವಾದ ಜೋಡಣೆ: ರಾಸ್ಪ್‌ಬೆರಿ ಪೈ 4, ಅದರಲ್ಲಿ 64 ಬಿಟ್ ರಾಸ್ಪ್‌ಬೆರಿ ಪೈ ಓಎಸ್, ಅಪಾಚಿ (ವೆಬ್ ಸರ್ವರ್), ಪಿಎಚ್‌ಪಿ (ನೆಕ್ಸ್ಟ್‌ಕ್ಲೌಡ್ ಬರೆದಿರುವ ಭಾಷೆ), ಮರಿಯಾಡಿಬಿ (ಡೇಟಾಬೇಸ್), ಅವುಗಳ ಮೇಲೆ ನೆಕ್ಸ್ಟ್‌ಕ್ಲೌಡ್. ಸಿಸ್ಟಮ್ ಇರುವುದು ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ, ಫೋಟೊ ಮತ್ತು ಫೈಲುಗಳಿರುವುದು ಯುಎಸ್‌ಬಿಗೆ ಸಿಕ್ಕಿಸಿದ ಎಸ್‌ಎಸ್‌ಡಿಯಲ್ಲಿ. ಸರ್ಟಿಫಿಕೇಟ್ ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದು. ಡಾಕರ್‌ನಲ್ಲಿ ಹಾಕಿದವರಿಗೆ ಕಮಾಂಡುಗಳು ಸ್ವಲ್ಪ ಬೇರೆಯಾಗುತ್ತವೆ, ಹುಡುಕುವ ದಾರಿ ಮಾತ್ರ ಇದೇ. ಕಮಾಂಡುಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ.

ಮೊದಲು ಮೂರು ಪರೀಕ್ಷೆ

ಯಾವ ಫೈಲನ್ನೂ ತಿದ್ದುವ ಮೊದಲು ಇಷ್ಟು ಮಾಡಿ. ಮನೆಯ ವೈಫೈನಲ್ಲಿದ್ದುಕೊಂಡು ಪೈನ ಒಳಗಿನ ಐಪಿ ವಿಳಾಸ ಹೊಡೆಯಿರಿ, 192.168.1.50 ಅಂತ ಏನೋ ಇರುತ್ತದಲ್ಲ, ಅದು. ಆಮೇಲೆ ಅದೇ ವೈಫೈನಲ್ಲಿ ನಿಮ್ಮ ಡೊಮೇನ್ ಹೆಸರು ಹೊಡೆಯಿರಿ. ಕೊನೆಗೆ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಮತ್ತೆ ಡೊಮೇನ್ ಹೆಸರು ಹೊಡೆಯಿರಿ.

ಒಳಗಿನ ಐಪಿಯೇ ತೆರೆಯದಿದ್ದರೆ ತೊಂದರೆ ಪೈನಲ್ಲೇ ಇದೆ: ಕರೆಂಟು, ಡಿಸ್ಕು ಅಥವಾ ಅಪಾಚಿ. ರೌಟರ್ ಮುಟ್ಟಬೇಡಿ. ಒಳಗಿನಿಂದ ತೆರೆದು ಮೊಬೈಲ್ ಡೇಟಾದಲ್ಲಿ ತೆರೆಯದಿದ್ದರೆ ತೊಂದರೆ ದಾರಿಯಲ್ಲಿದೆ, ಪೈ ಆರಾಮಾಗಿದೆ. ಮೊಬೈಲ್ ಡೇಟಾದಲ್ಲಿ ತೆರೆದು, ಮನೆಯ ವೈಫೈನಲ್ಲಿ ಡೊಮೇನ್ ಹೆಸರಿಗೆ ಮಾತ್ರ ತೆರೆಯದಿದ್ದರೆ ಅದು ರೌಟರಿನ ಒಂದು ಹಳೆಯ ಚಾಳಿ, ಮುಂದೆ ಹೇಳುತ್ತೇನೆ. ಎಲ್ಲ ಕಡೆ ತೆರೆಯುತ್ತದೆ ಆದರೆ ಲಾಗಿನ್ ಆಗುವುದಿಲ್ಲ, ಫೈಲ್ ಏರುವುದಿಲ್ಲ ಅಂದರೆ ಮಾತ್ರ ನೆಕ್ಸ್ಟ್‌ಕ್ಲೌಡ್ ಒಳಗೆ ಕೈ ಹಾಕಿ.

ಐಪಿ ಹೊಡೆದಾಗ ಬ್ರೌಸರ್ ಸರ್ಟಿಫಿಕೇಟ್ ಬಗ್ಗೆ ಎಚ್ಚರಿಸುತ್ತದೆ, ಯಾಕೆಂದರೆ ಸರ್ಟಿಫಿಕೇಟ್ ಇರುವುದು ಡೊಮೇನಿನ ಹೆಸರಿಗೆ. ಅದನ್ನು ದಾಟಿದರೆ ‘ಈ ಡೊಮೇನನ್ನು ನಂಬುವುದಿಲ್ಲ’ ಅಂತ ನೆಕ್ಸ್ಟ್‌ಕ್ಲೌಡ್ ಹೇಳಬಹುದು. ಅದು ಒಳ್ಳೆಯ ಸುದ್ದಿಯೇ. ಅಷ್ಟು ಹೇಳಬೇಕಾದರೆ ಅಪಾಚಿ, ಪಿಎಚ್‌ಪಿ ಎರಡೂ ಜೀವಂತ ಇರಬೇಕು. ಪರೀಕ್ಷೆಗೆ ಇಷ್ಟು ಸಾಕು, ಆ ಪುಟದಲ್ಲಿ ಪಾಸ್‌ವರ್ಡ್ ಹಾಕಬೇಡಿ.

ಕರೆಂಟು

ಸಾಫ್ಟ್‌ವೇರ್ ತೊಂದರೆ ಅಂತ ಬಂದದ್ದರಲ್ಲಿ ಎಷ್ಟೋ ಕೊನೆಗೆ ಅಡಾಪ್ಟರಿನ ತೊಂದರೆ ಆಗಿರುತ್ತವೆ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು. ಮನೆಯಲ್ಲಿ ಬಿದ್ದಿರುವ ಫಾಸ್ಟ್ ಚಾರ್ಜರ್ ಮೇಲೆ 33 ವಾಟ್ ಅಂತ ಬರೆದಿರುತ್ತದೆ, ಸರಿ. ಆದರೆ ಆ 33 ವಾಟ್ ಸಿಗುವುದು ಫೋನಿನ ಜೊತೆ ಮಾತಾಡಿಕೊಂಡು ಹೆಚ್ಚಿನ ವೋಲ್ಟೇಜಿಗೆ ಏರಿದಾಗ. ಪೈ ಹಾಗೆ ಮಾತಾಡುವುದಿಲ್ಲ, ಅದಕ್ಕೆ ಬೇಕಿರುವುದು 5 ವೋಲ್ಟ್ ಅಷ್ಟೇ. ಆ 5 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಅಂತ ಚಾರ್ಜರಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ ನೋಡಿ. ಎಷ್ಟೋ ಚಾರ್ಜರುಗಳಲ್ಲಿ ಅದು 2 ಇರುತ್ತದೆ. ಕೇಬಲ್ ಉದ್ದ, ತೆಳು ಆಗಿದ್ದರೆ ದಾರಿಯಲ್ಲೇ ಇನ್ನಷ್ಟು ಸೋರಿಹೋಗುತ್ತದೆ.

ಊಹೆ ಬೇಡ, ಪೈಯನ್ನೇ ಕೇಳಬಹುದು. ವಿಸಿಜೆನ್‌ಸಿಎಂಡಿ ಕಮಾಂಡಿಗೆ ಗೆಟ್-ಥ್ರಾಟಲ್ಡ್ ಅಂತ ಸೇರಿಸಿ ಓಡಿಸಿ, ನಡುವೆ ಅಡ್ಡಗೆರೆ ಬದಲು ಅಂಡರ್‌ಸ್ಕೋರ್. ಉತ್ತರ ಬರೀ ಸೊನ್ನೆ ಬಂದರೆ ಕರೆಂಟು ಸರಿ ಇದೆ. 50000 ಬಂದರೆ, ಆನ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದಿತ್ತು, ಆಗ ಪೈ ತನ್ನ ವೇಗ ತಗ್ಗಿಸಿತ್ತು ಅಂತ ಅರ್ಥ. 50005 ಬಂದರೆ ಈ ಕ್ಷಣವೂ ಕುಸಿದಿದೆ. ಪೈ ಈ ಗುರುತು ಹಾಕಿಕೊಳ್ಳುವುದು ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದಾಗ. ಸುಮ್ನೆ ಕೂತಿರುವ ಪೈನಲ್ಲಿ ಇದನ್ನು ಓಡಿಸಿ ಸಮಾಧಾನಪಟ್ಟುಕೊಳ್ಳಬೇಡಿ. ಫೋನಿನಿಂದ ಒಂದಷ್ಟು ವಿಡಿಯೊ ಏರಿಸುತ್ತಾ, ಡಿಸ್ಕಿಗೆ ಕೆಲಸ ಕೊಟ್ಟು ಆಮೇಲೆ ನೋಡಿ.

ಡಿಸ್ಕೂ ಇದೇ ಕರೆಂಟಿನಲ್ಲಿ ಪಾಲು ಕೇಳುತ್ತದೆ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು ಹೆಚ್ಚೆಂದರೆ 1.2 ಆಂಪಿಯರ್. ತಿರುಗುವ ಹಾರ್ಡ್ ಡಿಸ್ಕ್ ಶುರುವಾಗುವ ಗಳಿಗೆಯಲ್ಲಿ ಒಂದೇ ಇದರ ಬಹುಪಾಲು ನುಂಗಬಹುದು. ಪೈ 5 ಇದ್ದವರು ಇನ್ನೂ ಹುಷಾರಾಗಿರಬೇಕು: ಅದಕ್ಕೆ 5 ಆಂಪಿಯರ್ ಕೊಡುವ ಅಡಾಪ್ಟರ್ ಇಲ್ಲದಿದ್ದರೆ ಯುಎಸ್‌ಬಿಗೆ ಒಟ್ಟು 600 ಮಿಲಿ ಆಂಪಿಯರ್ ಮಾತ್ರ ಬಿಡುತ್ತದೆ. ಇದರ ಲಕ್ಷಣ ತಮಾಷೆಯಾಗಿರುತ್ತದೆ. ಎರಡು ಫೋಟೊ ಏರುತ್ತವೆ, ಇನ್ನೂರು ಫೋಟೊ ಏರಿಸಲು ಹೋದರೆ ನಡುವೆ ಡಿಸ್ಕ್ ಮಾಯವಾಗುತ್ತದೆ. ಸ್ವಲ್ಪ ಹೊತ್ತಿಗೆ ಎಸ್‌ಡಿಎ ಆಗಿದ್ದದ್ದು ಎಸ್‌ಡಿಬಿ ಅನ್ನುವ ಹೊಸ ಹೆಸರು ಇಟ್ಟುಕೊಂಡು ಬರುತ್ತದೆ. ಪೈ ತಯಾರಕರದೇ ಅಡಾಪ್ಟರ್, ಇಲ್ಲವೇ ಸ್ವಂತ ಕರೆಂಟಿರುವ ಯುಎಸ್‌ಬಿ ಹಬ್ ಹಾಕಿದರೆ ಇದು ಮುಗಿಯುತ್ತದೆ.

ಇನ್ನು ಪವರ್ ಕಟ್. ವೈಫೈ ರೌಟರಿಗೆ ಅಂತ ಮಾರುವ ಚಿಕ್ಕ ಯುಪಿಎಸ್‌ಗಳಲ್ಲಿ ಜಾಸ್ತಿಯವು 12 ವೋಲ್ಟ್‌ನವು. 5 ವೋಲ್ಟಿನ ಔಟ್‌ಪುಟ್ ಇದ್ದರೂ ಅದರಲ್ಲಿ 3 ಆಂಪಿಯರ್ ಇದೆಯಾ ಅಂತ ನೋಡಿಯೇ ತೆಗೆದುಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗಲೆಲ್ಲ ಪೈ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಹಿಂದಿನ ಸ್ವಿಚ್ ನೋಡಿ. ಹಲವು ಇನ್ವರ್ಟರುಗಳಲ್ಲಿ ಫ್ಯಾನು-ಲೈಟಿಗೆ ಒಂದು ಮೋಡ್, ಕಂಪ್ಯೂಟರಿಗೆ ಯುಪಿಎಸ್ ಅನ್ನುವ ಇನ್ನೊಂದು ಮೋಡ್ ಇರುತ್ತದೆ. ಮೊದಲನೆಯದರಲ್ಲಿ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಫ್ಯಾನಿಗೆ ಏನೂ ಆಗುವುದಿಲ್ಲ, ಪೈ ಮಾತ್ರ ಆರಿ ಹತ್ತುತ್ತದೆ.

ಡಿಸ್ಕು: ಇಲ್ಲಿ ಆತುರ ಬೇಡ

ಕರೆಂಟ್ ಹೋಗಿ ಬಂದ ಮೇಲೆ ನೆಕ್ಸ್ಟ್‌ಕ್ಲೌಡ್ ಪುಟದಲ್ಲಿ ‘ನಿಮ್ಮ ಡೇಟಾ ಡೈರೆಕ್ಟರಿ ಸರಿಯಿಲ್ಲ’ ಅನ್ನುವ ಮೆಸೇಜ್ ಬಂದಿದೆ ಅಂದುಕೊಳ್ಳಿ. ಫೋಲ್ಡರಿನಲ್ಲಿ ಒಂದು ಗುರುತಿನ ಫೈಲ್ ಇರಬೇಕು, ಅದು ಕಾಣುತ್ತಿಲ್ಲ ಅಂತಲೂ ಹೇಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಚುಕ್ಕೆ-ಓಸಿಡೇಟಾ, ಹೊಸದರಲ್ಲಿ ಚುಕ್ಕೆ-ಎನ್‌ಸಿಡೇಟಾ. ಆ ಹೆಸರಿನ ಖಾಲಿ ಫೈಲ್ ಮಾಡಿಬಿಡಿ, ಸರಿಹೋಗುತ್ತದೆ ಅನ್ನುವ ಸಲಹೆ ನೆಟ್ ತುಂಬ ಇದೆ. ದಯವಿಟ್ಟು ಮಾಡಬೇಡಿ.

ಆ ಫೈಲ್ ಯಾರೂ ಅಳಿಸಿಲ್ಲ. ಅದು ಎಸ್‌ಎಸ್‌ಡಿಯಲ್ಲೇ ಇದೆ. ಎಸ್‌ಎಸ್‌ಡಿ ಮೌಂಟ್ ಆಗಿಲ್ಲ, ಅಂದರೆ ಸಿಸ್ಟಮ್ಮಿನ ಫೋಲ್ಡರಿಗೆ ಜೋಡಣೆಯಾಗಿಲ್ಲ, ಅಷ್ಟೇ. ಮೌಂಟ್ ಆಗದಿದ್ದಾಗ ಆ ದಾರಿಯಲ್ಲಿ ಕಾಣುವುದು ಎಸ್‌ಡಿ ಕಾರ್ಡಿನ ಮೇಲಿರುವ ಒಂದು ಖಾಲಿ ಫೋಲ್ಡರ್. ಗುರುತಿನ ಫೈಲ್ ಇಲ್ಲದ್ದನ್ನು ಕಂಡು ‘ಇದು ನನ್ನ ಡಿಸ್ಕ್ ಅಲ್ಲ’ ಅಂತ ನೆಕ್ಸ್ಟ್‌ಕ್ಲೌಡ್ ಸುಮ್ಮನೆ ನಿಂತಿದೆ. ಅದು ನಿಮ್ಮ ಫೋಟೊಗಳನ್ನು ಕಾಯುತ್ತಿರುವ ಕಾವಲು. ನೀವೇ ಹೋಗಿ ಖಾಲಿ ಫೋಲ್ಡರಿನಲ್ಲಿ ಆ ಫೈಲ್ ಇಟ್ಟರೆ, ಇದೇ ಡಿಸ್ಕ್ ಅಂತ ನಂಬಿ ಖಾಲಿ ಮನೆಯಲ್ಲಿ ಸಂಸಾರ ಶುರು ಮಾಡುತ್ತದೆ. ಆ ಮೇಲೆ ಯಾರಾದರೂ ಫೈಲ್ ಸ್ಕ್ಯಾನ್ ಓಡಿಸಿದರೆ ಡೇಟಾಬೇಸಿನಿಂದ ಎಲ್ಲ ಫೈಲುಗಳ ಎಂಟ್ರಿ ಹೋಗುತ್ತದೆ. ಡಿಸ್ಕ್ ವಾಪಸ್ ಸಿಕ್ಕಿ ಮತ್ತೆ ಸ್ಕ್ಯಾನ್ ಮಾಡಿದರೆ ಫೈಲುಗಳು ಬರುತ್ತವೆ, ಆದರೆ ಶೇರ್ ಮಾಡಿದ ಲಿಂಕು, ಟ್ಯಾಗು, ಕಾಮೆಂಟು ಬರುವುದಿಲ್ಲ. ಲ್ಯಾಪ್‌ಟಾಪಿನ ಸಿಂಕ್ ಆ್ಯಪ್ ಸರ್ವರಿನಲ್ಲಿ ಎಲ್ಲ ಅಳಿಸಿದ್ದಾರೆ ಅಂದುಕೊಂಡು ಅಲ್ಲೂ ಅಳಿಸಲು ಹೊರಡಬಹುದು. ಇಷ್ಟೂ ಅನಾಹುತ ಒಂದು ಖಾಲಿ ಫೈಲಿನಿಂದ.

ಮಾಡಬೇಕಾದದ್ದು ಇದು. ಮೊದಲು ಅಪಾಚಿ ನಿಲ್ಲಿಸಿ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಓಡಿಸಿ ಡಿಸ್ಕ್ ಕಾಣುತ್ತಿದೆಯಾ, ಅದರ ಮುಂದೆ ಮೌಂಟ್ ದಾರಿ ಇದೆಯಾ ನೋಡಿ. ಡಿಸ್ಕೇ ಕಾಣದಿದ್ದರೆ ಕೇಬಲ್, ಕರೆಂಟು, ಪೋರ್ಟ್. ಕಂಡರೂ ಮೌಂಟ್ ಆಗಿಲ್ಲದಿದ್ದರೆ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ ಇರುವ ಎಫ್‌ಸ್ಟ್ಯಾಬ್ ಫೈಲ್ ತೆರೆಯಿರಿ. ಅಲ್ಲಿ ಡಿಸ್ಕಿಗೆ ಎಸ್‌ಡಿಎ1 ಅಂತ ಹೆಸರಿದ್ದರೆ ತೊಂದರೆ ಸಿಕ್ಕಿತು. ಈ ಹೆಸರು ಪ್ರತಿ ಸಲ ಒಂದೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಅದರ ಬದಲು ಬಿಎಲ್‌ಕೆಐಡಿ ಕಮಾಂಡ್ ಕೊಡುವ ಯುಯುಐಡಿ, ಅಂದರೆ ಆ ಡಿಸ್ಕಿನ ಬದಲಾಗದ ಗುರುತು ಸಂಖ್ಯೆ, ಬರೆಯಿರಿ.

ಅದೇ ಸಾಲಿನ ಆಯ್ಕೆಗಳಲ್ಲಿ ನೋಫೇಲ್ ಅನ್ನುವ ಪದ ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಸಿಗದ ದಿನ ಪೈ ಬೂಟ್ ಆಗುವ ನಡುವೆಯೇ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತದೆ. ಮಾನಿಟರ್ ಸಿಕ್ಕಿಸದ ಪೈನಲ್ಲಿ ಇದು ಗೊತ್ತೂ ಆಗುವುದಿಲ್ಲ; ಬೇರೆ ಕಂಪ್ಯೂಟರಿನಿಂದ ಪೈ ಒಳಗೆ ಹೋಗುವ ಎಸ್‌ಎಸ್‌ಎಚ್ ಕೂಡ ಬರುವುದಿಲ್ಲ, ಬೋರ್ಡೇ ಸುಟ್ಟಿತು ಅಂತ ಜನ ಹೊಸದು ತರುತ್ತಾರೆ. ಆದರೆ ನೋಫೇಲ್ ಇದ್ದರೆ ಇನ್ನೊಂದು ಗೊಡವೆ: ಪೈ ಡಿಸ್ಕಿಗೆ ಕಾಯದೆ ಎದ್ದುಬಿಡುತ್ತದೆ, ಅಪಾಚಿಯೂ ಎದ್ದುಬಿಡುತ್ತದೆ. ಅದಕ್ಕೆ ಸಿಸ್ಟಮ್‌ಸಿಟಿಎಲ್ ಎಡಿಟ್ ಮೂಲಕ ಅಪಾಚಿಯ ಯೂನಿಟ್ ಭಾಗದಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಅನ್ನುವ ಒಂದು ಸಾಲು ಹಾಕಿ, ಮುಂದೆ ಡಿಸ್ಕಿನ ದಾರಿ ಕೊಡಿ. ಡಿಸ್ಕ್ ಇಲ್ಲ ಅಂದರೆ ಅಪಾಚಿಯೂ ಇಲ್ಲ ಅಂತ ಆಗುತ್ತದೆ.

ನನಗೆ ಬಹಳ ಇಷ್ಟವಾದ ಇನ್ನೊಂದು ಉಪಾಯ ಇದೆ. ಡಿಸ್ಕ್ ಕಳಚಿರುವಾಗ, ಆ ಖಾಲಿ ಮೌಂಟ್ ಫೋಲ್ಡರಿಗೆ ಚಾಟರ್ ಪ್ಲಸ್ ಐ (ಏನೂ ಬದಲಾಗದಂತೆ ಬೀಗ ಹಾಕುವ ಕಮಾಂಡ್) ಕೊಟ್ಟುಬಿಡಿ. ಆಗ ಆ ಖಾಲಿ ಫೋಲ್ಡರಿನಲ್ಲಿ ಎಲ್ಲ ಅಧಿಕಾರವಿರುವ ರೂಟ್ ಖಾತೆ ಕೂಡ ಫೈಲ್ ಮಾಡಲಾರದು. ಮೇಲೆ ಡಿಸ್ಕ್ ಮೌಂಟ್ ಆದಾಗ ಇದರಿಂದ ಯಾವ ಅಡ್ಡಿಯೂ ಇಲ್ಲ.

ಡಿಸ್ಕ್ ಪದೇ ಪದೇ ಕಳಚುತ್ತಿದೆ, ಕರೆಂಟು ಸರಿಯಿದೆ ಅಂದರೆ ಕರ್ನಲ್ ಲಾಗಿನಲ್ಲಿ ಯುಎಎಸ್ (ಯುಎಸ್‌ಬಿ ಡಿಸ್ಕಿನ ಜೊತೆ ವೇಗವಾಗಿ ಮಾತಾಡುವ ವಿಧಾನ) ಅನ್ನುವ ಅಕ್ಷರ ಮತ್ತು ರೀಸೆಟ್ ಅನ್ನುವ ಪದ ಹುಡುಕಿ. ಅಗ್ಗದ ಸಾಟಾ-ಯುಎಸ್‌ಬಿ ಅಡಾಪ್ಟರುಗಳಲ್ಲಿ ಕೆಲವು ಚಿಪ್‌ಗಳು ಪೈ 4ರ ಯುಎಸ್‌ಬಿ 3 ಪೋರ್ಟಿನಲ್ಲಿ ಯುಎಎಸ್ ವಿಧಾನದ ಜೊತೆ ಹೊಂದಿಕೊಳ್ಳುವುದಿಲ್ಲ. ಬೂಟ್ ವಿಭಾಗದ ಸಿಎಂಡಿಲೈನ್ ಫೈಲಿನಲ್ಲಿ ಯುಎಸ್‌ಬಿ-ಸ್ಟೋರೇಜ್ ಕ್ವಿರ್ಕ್ಸ್ ಸೇರಿಸಿ, ಆ ಅಡಾಪ್ಟರಿಗೆ ಮಾತ್ರ ಯುಎಎಸ್ ನಿಲ್ಲಿಸಬಹುದು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ನೆಮ್ಮದಿ ಬರುತ್ತದೆ. ಆ ಫೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರಬೇಕು, ಎಂಟರ್ ಒತ್ತಿದರೆ ಪೈ ಬೂಟ್ ಆಗದೇ ಹೋಗಬಹುದು.

777ರ ಕಥೆ ಹೆಚ್ಚಾಗಿ ಶುರುವಾಗುವುದು ವಿಂಡೋಸಿನಲ್ಲಿ ಬಳಸುತ್ತಿದ್ದ ಡಿಸ್ಕನ್ನು ಹಾಗೆಯೇ ಸಿಕ್ಕಿಸಿದಾಗ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಡಿಸ್ಕುಗಳಲ್ಲಿ ಯಾವ ಫೈಲ್ ಯಾರದ್ದು ಅನ್ನುವ ಲಿನಕ್ಸ್ ಲೆಕ್ಕ ಸರಿಯಾಗಿ ಕೂರುವುದಿಲ್ಲ. ‘ಬೇರೆಯವರೂ ಓದಬಹುದಾದ ಡೇಟಾ ಡೈರೆಕ್ಟರಿ’ ಅಂತ ನೆಕ್ಸ್ಟ್‌ಕ್ಲೌಡ್ ಗೊಣಗುತ್ತದೆ. ಡೇಟಾ ಬೇರೆ ಕಡೆ ಇಳಿಸಿ, ಡಿಸ್ಕನ್ನು ಲಿನಕ್ಸ್‌ನದೇ ಇಎಕ್ಸ್‌ಟಿ4 ರೂಪಕ್ಕೆ ಫಾರ್ಮ್ಯಾಟ್ ಮಾಡಿ, ಮಾಲೀಕತ್ವವನ್ನು ಅಪಾಚಿ ಬಳಸುವ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಹೆಸರಿಗೆ ಕೊಟ್ಟು, ಪರ್ಮಿಶನ್ 770 ಇಡಿ. 777 ಅಂದರೆ ಪೈನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಫೋಟೊ ಓದಬಹುದು, ಅಳಿಸಲೂಬಹುದು.

ಎಸ್‌ಡಿ ಕಾರ್ಡನ್ನೂ ಒಮ್ಮೆ ನೋಡಿ. ಡಿಎಫ್ ಮೈನಸ್ ಎಚ್ ಕೊಟ್ಟಾಗ 100 ಪ್ರತಿಶತ ತುಂಬಿದೆ ಅಂತ ಬಂದರೆ ಮರಿಯಾಡಿಬಿ ಏಳುವುದಿಲ್ಲ. ಪುಟದಲ್ಲಿ ಕಾಣುವುದು ಮಾತ್ರ ‘ಇಂಟರ್ನಲ್ ಸರ್ವರ್ ಎರರ್’. ಯಾವ ಫೈಲ್ ತಿದ್ದಲು ಹೋದರೂ ‘ರೀಡ್ ಓನ್ಲಿ ಫೈಲ್ ಸಿಸ್ಟಮ್’ ಅಂದರೆ ಕಾರ್ಡ್ ಸಾಯುತ್ತಿರಬಹುದು. ರಿಪೇರಿಗೆ ಕೂರಬೇಡಿ, ಮೊದಲು ಕಾನ್ಫಿಗ್ ಫೈಲ್ ಮತ್ತು ಡೇಟಾಬೇಸ್ ಕಾಪಿ ಮಾಡಿಕೊಳ್ಳಿ.

ಮನೆಯಲ್ಲಿ ತೆರೆಯುತ್ತದೆ, ಹೊರಗಿನಿಂದ ಇಲ್ಲ

ಹೊರಗಿನಿಂದ ಬರುವ ಕರೆಯನ್ನು ರೌಟರ್ ಪೈಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಹತ್ತು ಸಲ ಹಾಕಿ ತೆಗೆಯುವ ಮೊದಲು ಒಂದು ಹೋಲಿಕೆ ಮಾಡಿ. ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೌಟರಿನ ಹೊರಬದಿಯ ವಿಳಾಸ) ಏನಿದೆ ಬರೆದುಕೊಳ್ಳಿ. ಬ್ರೌಸರಿನಲ್ಲಿ ‘ನನ್ನ ಐಪಿ ಏನು’ ಅಂತ ಹುಡುಕಿ, ಅಲ್ಲಿ ಬಂದದ್ದನ್ನೂ ಬರೆದುಕೊಳ್ಳಿ. ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುವ ಸಾಧ್ಯತೆ ಇದೆ.

ಬೇರೆ ಬೇರೆ ಇದ್ದು, ರೌಟರಿನದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಕಂಪನಿ ಒಂದೇ ಹೊರಗಿನ ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ. ಐಪಿವಿ4 ಅನ್ನುವ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಏಷ್ಯಾ-ಪೆಸಿಫಿಕ್ ಭಾಗದ ದಾಸ್ತಾನು 2011ರಲ್ಲೇ ತಳ ಮುಟ್ಟಿತು, ಆಮೇಲೆ ಉಳಿದದ್ದನ್ನು ಚಿಟಿಕೆ ಚಿಟಿಕೆಯಾಗಿ ಹಂಚಿದರು. ಹಾಗಾಗಿ ನಮ್ಮ ಮನೆಗಳ ಎಷ್ಟೋ ಫೈಬರ್ ಕನೆಕ್ಷನ್‌ಗಳು ಹೀಗೇ ಬರುತ್ತವೆ. ಹೊರಗಿನಿಂದ ಬರುವ ಕರೆ ಕಂಪನಿಯ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ, ನಿಮ್ಮ ರೌಟರಿಗೆ ತಲುಪುವುದೇ ಇಲ್ಲ. ನೀವು ರೌಟರಿನಲ್ಲಿ ಏನು ಮಾಡಿದರೂ ಉಪಯೋಗವಿಲ್ಲ. ಈ ಹಂತದಲ್ಲೇ ಜನ ರೋಸಿಹೋಗಿ ಪೈಯನ್ನು ಡಿಎಂಝಡ್‌ಗೆ ಹಾಕುವುದು. ಅದರಿಂದ ಈಗ ಏನೂ ತೆರೆಯುವುದಿಲ್ಲ. ಮುಂದೆ ಎಂದೋ ಕಂಪನಿ ನಿಮಗೆ ನಿಜವಾದ ಐಪಿ ಕೊಟ್ಟ ದಿನ, ಎಸ್‌ಎಸ್‌ಎಚ್ ಸೇರಿ ಪೈ ಕಿವಿಗೊಟ್ಟಿರುವ ಎಲ್ಲ ಪೋರ್ಟುಗಳೂ ಜಗತ್ತಿಗೆ ತೆರೆದುಕೊಳ್ಳುತ್ತವೆ. ಅಷ್ಟು ಹೊತ್ತಿಗೆ ನೀವು ಆ ಸೆಟ್ಟಿಂಗ್ ಮರೆತಿರುತ್ತೀರಿ.

ರೌಟರಿನ ವ್ಯಾನ್ ಐಪಿ 192.168 ಅಂತ ಶುರುವಾಗಿದ್ದರೆ ವಿಷಯ ಬೇರೆ. ಫೈಬರ್ ಕಂಪನಿಯ ಡಬ್ಬಿ ಒಂದು ರೌಟರ್, ಅದರ ಹಿಂದೆ ನೀವು ಕೊಂಡ ರೌಟರ್ ಇನ್ನೊಂದು, ಅಲ್ವಾ? ಎರಡು ಕಡೆ ಫಾರ್ವರ್ಡ್ ಮಾಡಬೇಕು, ಅಥವಾ ಕಂಪನಿಯ ಡಬ್ಬಿಯನ್ನು ಬ್ರಿಜ್ ಮೋಡಿಗೆ (ರೌಟರ್ ಕೆಲಸ ಬಿಟ್ಟು ಬರೀ ದಾಟಿಸುವ ಮೋಡ್) ಹಾಕಿಸಬೇಕು.

ಸಿಜಿನ್ಯಾಟ್ ಇದ್ದರೆ ದಾರಿಗಳು ಹಲವು. ಕಂಪನಿಗೆ ಹೇಳಿ ಸ್ಟ್ಯಾಟಿಕ್ ಐಪಿ ಹಾಕಿಸಬಹುದು, ಅದಕ್ಕೆ ಬೇರೆ ದುಡ್ಡು. ಹೊಸ ಪದ್ಧತಿಯ ಐಪಿವಿ6 ವಿಳಾಸ ಸಿಗುತ್ತಿದ್ದರೆ ಅದರ ಮೂಲಕ ಬರಬಹುದು, ಆದರೆ ನೀವಿರುವ ಕಡೆಯ ನೆಟ್‌ನಲ್ಲೂ ಐಪಿವಿ6 ಇರಬೇಕು. ಕ್ಲೌಡ್‌ಫ್ಲೇರ್ ಕಂಪನಿ ತನ್ನ ಸರ್ವರ್ ಮೂಲಕ ಪೈಗೆ ದಾರಿ ಮಾಡಿಕೊಡುವ ಕ್ಲೌಡ್‌ಫ್ಲೇರ್ ಟನೆಲ್ ಸುಲಭ. ಅದರಲ್ಲಿ ಎರಡು ವಿಷಯ ಗೊತ್ತಿರಲಿ: ಎನ್‌ಕ್ರಿಪ್ಶನ್ ಅವರ ಸರ್ವರಿನಲ್ಲಿ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತದೆ, ಮತ್ತು ಉಚಿತ ಪ್ಲಾನಿನಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ತುಣುಕು ಏರುವುದಿಲ್ಲ. ಮನೆಮಂದಿಯ ಬಳಕೆಗಷ್ಟೇ ಆದರೆ ನನ್ನ ಮತ, ನಿಮ್ಮ ಸಾಧನಗಳ ನಡುವೆ ಖಾಸಗಿ ದಾರಿ ಹಾಕುವ ಟೇಲ್‌ಸ್ಕೇಲ್‌ನಂಥ ವಿಪಿಎನ್‌ಗೆ. ರೌಟರಿನಲ್ಲಿ ಒಂದೂ ಪೋರ್ಟ್ ತೆರೆಯಬೇಕಾಗಿಲ್ಲ, ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಹೊರಗಿನವರಿಗೆ ಫೋಟೊ ಲಿಂಕ್ ಕಳಿಸಿದರೆ ಅವರಿಗೆ ತೆರೆಯುವುದಿಲ್ಲ ಅನ್ನುವುದೊಂದೇ ಕೊರತೆ. ಮದುವೆ ಆಲ್ಬಮ್ ಕಳಿಸುವ ದಿನ ಅದು ಕಾಡುತ್ತದೆ, ನಿಜ.

ವೈರ್‌ಗಾರ್ಡ್ ಅನ್ನುವ ವಿಪಿಎನ್ ನೀವೇ ಹಾಕಿಕೊಂಡಿದ್ದರೆ ಮೂರು ದೋಷಗಳು ಹೆಚ್ಚು. ಕೀಲಿ ತಪ್ಪಿದ್ದರೆ ವೈರ್‌ಗಾರ್ಡ್ ಬೈಯುವುದಿಲ್ಲ, ಸುಮ್ಮನಿರುತ್ತದೆ. ಡಬ್ಲ್ಯುಜಿ ಶೋ ಕೊಟ್ಟಾಗ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಸಾಲೇ ಇಲ್ಲದಿದ್ದರೆ ಕೀಲಿ ಅಥವಾ ಪೋರ್ಟ್ ತಪ್ಪಿದೆ. ಹ್ಯಾಂಡ್‌ಶೇಕ್ ಆಗಿದೆ, ಲಾಗಿನ್ ಪುಟವೂ ಬರುತ್ತದೆ, ಫೋಟೊ ಏರಿಸಲು ಹೋದರೆ ನಿಂತೇಹೋಗುತ್ತದೆ ಅಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ, ನೋಡಿ. ಸಾಮಾನ್ಯವಾಗಿ ವೈರ್‌ಗಾರ್ಡ್ ಇಟ್ಟುಕೊಳ್ಳುವುದು 1420. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಹತ್ತುವ ಪಿಪಿಪಿಓಇ ಕನೆಕ್ಷನ್ ಮೇಲೆ ಐಪಿವಿ6 ಮೂಲಕ ಹೋದರೆ ಜಾಗ ಸಿಗುವುದು 1412ಕ್ಕೆ ಮಾತ್ರ. ಎರಡೂ ಕಡೆ 1280 ಮಾಡಿ ನೋಡಿ, ಸರಿಹೋದರೆ ಆಮೇಲೆ ನಿಧಾನಕ್ಕೆ ಏರಿಸಿ. ಮೂರನೆಯದು: ಎಲ್ಲ ಸರಿ ಇದೆ, ಆಫೀಸಿನ ವೈಫೈನಲ್ಲಿ ಮಾತ್ರ ಬರುವುದಿಲ್ಲ. ಮನೆಯಲ್ಲೂ 192.168.1, ಆಫೀಸಿನಲ್ಲೂ 192.168.1 ಇದ್ದರೆ ಫೋನ್ ಪಾಪ ನಿಮ್ಮ ಪೈಯನ್ನು ಆಫೀಸಿನಲ್ಲಿ ಹುಡುಕುತ್ತಿರುತ್ತದೆ. ಮನೆಯ ರೌಟರಿನ ಸಾಲನ್ನು 192.168.73 ಅಂತ ಯಾವುದಾದರೂ ಬೇರೆ ಅಂಕಿಗೆ ಬದಲಿಸಿ.

ಮೊಬೈಲ್ ಡೇಟಾದಲ್ಲಿ ಬಂದು ಮನೆಯ ವೈಫೈನಲ್ಲಿ ಬರದಿದ್ದರೆ, ಒಳಗಿನಿಂದ ಹೊರಟು ತನ್ನದೇ ಹೊರಗಿನ ವಿಳಾಸಕ್ಕೆ ತಿರುಗಿ ಬರುವ ಕರೆಯನ್ನು ನಿಮ್ಮ ರೌಟರ್ ಒಪ್ಪುತ್ತಿಲ್ಲ ಅಂತ. ಹೆಸರಿಗೆ ಐಪಿ ಯಾವುದು ಅಂತ ಹೇಳುವ ಮನೆಯ ಡಿಎನ್‌ಎಸ್‌ನಲ್ಲಿ ಆ ಡೊಮೇನಿಗೆ ಪೈನ ಒಳಗಿನ ಐಪಿ ಕೊಡಿ. ಕೊಟ್ಟ ಮೇಲೂ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ಬರದಿದ್ದರೆ ಅದರ ‘ಪ್ರೈವೇಟ್ ಡಿಎನ್‌ಎಸ್’ ಸೆಟ್ಟಿಂಗ್ ನೋಡಿ, ಅದು ಮನೆಯ ಡಿಎನ್‌ಎಸ್ ಬಿಟ್ಟು ಹೊರಗೆ ಕೇಳುತ್ತಿರುತ್ತದೆ.

ಸರ್ಟಿಫಿಕೇಟು ಮತ್ತು ಗಡಿಯಾರ

ಸರ್ಟಿಫಿಕೇಟ್ ಎಚ್ಚರಿಕೆ ಬಂದರೆ ವಿಳಾಸದ ಪಕ್ಕದ ಗುರುತು ಒತ್ತಿ ತಾರೀಖು ಓದಿ. ಮುಗಿದಿದ್ದರೆ ಸರ್ಟಿಫಿಕೇಟ್ ನವೀಕರಿಸುವ ಸರ್ಟ್‌ಬಾಟ್ ರಿನ್ಯೂ ಕಮಾಂಡನ್ನು ಡ್ರೈ-ರನ್ (ಬರೀ ಪರೀಕ್ಷೆ) ಜೊತೆ ಓಡಿಸಿ, ಕಾರಣ ಅದೇ ಹೇಳುತ್ತದೆ. ಬಹಳ ಸಲ ಕಾರಣ 80ನೇ ಪೋರ್ಟ್ ಮುಚ್ಚಿರುವುದು. ಡ್ರೈ-ರನ್ ಇಲ್ಲದೆ ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಒಂದು ಹೆಸರಿಗೆ ಗಂಟೆಯಲ್ಲಿ 5 ಸಲ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ತಡೆಯುತ್ತದೆ. ಸಿಜಿನ್ಯಾಟ್ ಹಿಂದೆ ಇರುವವರು ಡಿಎನ್‌ಎಸ್ ವಿಧಾನದಲ್ಲಿ ತೆಗೆದುಕೊಳ್ಳಿ, ಅದಕ್ಕೆ ಯಾವ ಪೋರ್ಟೂ ಬೇಡ. ‘ಅವಧಿ ಮುಗಿಯುತ್ತಿದೆ’ ಅಂತ ಮೊದಲು ಬರುತ್ತಿದ್ದ ಮೇಲ್‌ಗಳನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ, ಅದನ್ನು ನಂಬಿ ಕೂರಬೇಡಿ. ಹೊಸ ಸರ್ಟಿಫಿಕೇಟ್ ಬಂದಿದೆ, ಬ್ರೌಸರ್ ಹಳೆಯದೇ ತೋರಿಸುತ್ತಿದೆ ಅಂದರೆ ಅಪಾಚಿ ರೀಲೋಡ್ ಆಗಿಲ್ಲ.

ಗಡಿಯಾರವನ್ನು ಯಾರೂ ಅನುಮಾನಿಸುವುದಿಲ್ಲ. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಬಂದ ಮೇಲೆ ಅದು ಹಿಂದೆ ಬರೆದಿಟ್ಟ ಸಮಯದಿಂದ ಶುರು ಮಾಡಿ, ನೆಟ್ ಸಿಕ್ಕಾಗ ಸರಿಮಾಡಿಕೊಳ್ಳುತ್ತದೆ. ನೆಟ್ ತಡವಾದರೆ ಅಷ್ಟು ಹೊತ್ತೂ ಪೈ ಹಿಂದಿನ ಹೊತ್ತಿನಲ್ಲೇ ಬದುಕುತ್ತಿರುತ್ತದೆ. ಆಗ ಸರಿಯಾದ ಪಾಸ್‌ವರ್ಡ್ ಹಾಕಿದರೂ ಎರಡನೇ ಹಂತದ 6 ಅಂಕಿಯ ಕೋಡ್ ತಪ್ಪು ಅನ್ನುತ್ತದೆ. ಆ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುವುದು ಗಡಿಯಾರದ ಲೆಕ್ಕದಲ್ಲೇ ತಾನೆ. ಎರಡನೇ ಹಂತವನ್ನೇ ತೆಗೆದುಹಾಕಬೇಡಿ. ಟೈಮ್‌ಡೇಟ್‌ಸಿಟಿಎಲ್ ಓಡಿಸಿ, ಸಿಂಕ್ ಆಗಿದೆಯಾ ನೋಡಿ.

ನೆಕ್ಸ್ಟ್‌ಕ್ಲೌಡ್ ಒಳಗೆ

ಇಲ್ಲಿನ ದೋಷಗಳಿಗೆ ಮೆಸೇಜ್ ಸ್ಪಷ್ಟವಾಗಿಯೇ ಬರುತ್ತದೆ, ಹಾಗಾಗಿ ಬೇಗ ಹೇಳಿಬಿಡುತ್ತೇನೆ. ‘ನಂಬದ ಡೊಮೇನ್’ ಬಂದರೆ ಕಾನ್ಫಿಗ್ ಫೈಲಿನ ಟ್ರಸ್ಟೆಡ್ ಡೊಮೇನ್ಸ್ ಪಟ್ಟಿಗೆ ಆ ಹೆಸರು ಸೇರಿಸಿ. ಬರೀ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಒಪ್ಪಿಕೊಳ್ಳಬೇಡಿ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ‘ಮೇಂಟೆನೆನ್ಸ್ ಮೋಡ್’ ಪರದೆ ಅಂಟಿಕೊಂಡಿದ್ದರೆ, ಮೊದಲು ಓಸಿಸಿ (ನೆಕ್ಸ್ಟ್‌ಕ್ಲೌಡಿನದೇ ಕಮಾಂಡ್ ಸಾಧನ) ಅಪ್‌ಗ್ರೇಡ್ ಮುಗಿಸಿ, ಆಮೇಲೆ ಮೋಡ್ ಆರಿಸಿ. ಓಸಿಸಿಯನ್ನು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಹೆಸರಿನಲ್ಲೇ ಓಡಿಸಬೇಕು. ದೊಡ್ಡ ಆವೃತ್ತಿಗಳನ್ನು ಹಾರಿ ಅಪ್‌ಡೇಟ್ ಮಾಡಲು ಆಗುವುದಿಲ್ಲ, ಒಂದೊಂದೇ ಮೆಟ್ಟಿಲು. ದೊಡ್ಡ ಫೈಲ್ ಏರದೆ 413 ಎರರ್ ಬಂದರೆ ಮುಂದೆ ನಿಂತಿರುವ ವೆಬ್ ಸರ್ವರಿನ ಮಿತಿ ಅದು. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರಿನಲ್ಲಿ ತಾನಾಗಿ ಇರುವುದು ಬರೀ 1 ಎಂಬಿ.

ಒಂದು ದೋಷ ಮಾತ್ರ ನಿಜಕ್ಕೂ ದಾರಿ ತಪ್ಪಿಸುತ್ತದೆ. ಲಾಗಿನ್ ಆಗುತ್ತದೆ, ಆದರೆ ಅರ್ಧ ನಿಮಿಷ ಹಿಡಿಯುತ್ತದೆ. ಪೈ ನಿಧಾನ ಅಂತ ಜನ ರ‍್ಯಾಮ್ ಜಾಸ್ತಿ ಇರುವ ಬೋರ್ಡ್ ಕೊಳ್ಳಲು ಹೊರಡುತ್ತಾರೆ. ನಡೆಯುತ್ತಿರುವುದು ಬೇರೆ. ಒಂದು ಐಪಿಯಿಂದ ತಪ್ಪು ಪಾಸ್‌ವರ್ಡ್ ಬಹಳ ಸಲ ಬಂದರೆ ನೆಕ್ಸ್ಟ್‌ಕ್ಲೌಡ್ ಬೇಕಂತಲೇ 25 ಸೆಕೆಂಡಿನವರೆಗೆ ಕಾಯಿಸುತ್ತದೆ. ಮನೆಯಲ್ಲಿ ಯಾರದೋ ಹಳೆಯ ಫೋನ್ ಬದಲಾದ ಪಾಸ್‌ವರ್ಡ್ ಗೊತ್ತಿಲ್ಲದೆ ಪದೇ ಪದೇ ಬಡಿಯುತ್ತಿರಬಹುದು. ಟನೆಲ್ ಅಥವಾ ಪ್ರಾಕ್ಸಿ (ನಡುವೆ ನಿಂತು ಕರೆ ದಾಟಿಸುವ ಸರ್ವರ್) ಇದ್ದರೆ ಇನ್ನೂ ಗಮ್ಮತ್ತು: ಎಲ್ಲರೂ ಪ್ರಾಕ್ಸಿಯ ಒಂದೇ ಐಪಿಯಿಂದ ಬಂದಂತೆ ಕಾಣುತ್ತದೆ, ಒಬ್ಬರ ತಪ್ಪಿಗೆ ಇಡೀ ಮನೆಗೆ ಶಿಕ್ಷೆ. ಟ್ರಸ್ಟೆಡ್ ಪ್ರಾಕ್ಸೀಸ್ ಪಟ್ಟಿಯಲ್ಲಿ ಆ ಪ್ರಾಕ್ಸಿಯ ಐಪಿ ಮಾತ್ರ ಬರೆಯಿರಿ. ಎಲ್ಲ ಐಪಿಗಳನ್ನೂ ನಂಬು ಅಂತ ಬರೆದರೆ ಯಾರು ಬೇಕಾದರೂ ಸುಳ್ಳು ಐಪಿ ಹೇಳಿ ಈ ತಡೆಯನ್ನು ದಾಟಬಹುದು. ಆಮೇಲೆ ಓಸಿಸಿಯ ಬ್ರೂಟ್‌ಫೋರ್ಸ್ ರೀಸೆಟ್ ಕಮಾಂಡಿಗೆ ಆ ಐಪಿ ಕೊಟ್ಟು ಹಳೆಯ ಲೆಕ್ಕ ಅಳಿಸಿ. ಹಳೆಯ ಫೋನಿನಲ್ಲಿ ಹೊಸ ಪಾಸ್‌ವರ್ಡ್ ಹಾಕದಿದ್ದರೆ ಸಂಜೆಗೆ ಮತ್ತೆ ಅದೇ ಕಥೆ.

ಇಷ್ಟಾದರೂ ಸಿಗದಿದ್ದರೆ ಡೇಟಾ ಫೋಲ್ಡರಿನಲ್ಲಿರುವ ನೆಕ್ಸ್ಟ್‌ಕ್ಲೌಡ್ ಲಾಗ್ ತೆರೆದು, ದೋಷ ಆದ ನಿಮಿಷದ ಸಾಲುಗಳನ್ನಷ್ಟೇ ತೆಗೆದು ತಿಳಿದವರನ್ನು ಕೇಳಿ. ಕಾನ್ಫಿಗ್ ಫೈಲನ್ನು ಹಾಗೆಯೇ ಯಾರಿಗೂ ಕಳಿಸಬೇಡಿ. ಅದರಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದೆ, ಸರ್ವರಿನ ಗುಟ್ಟಿನ ಕೀಲಿ ಇದೆ. ಓಸಿಸಿ ಕಾನ್ಫಿಗ್ ಲಿಸ್ಟ್ ಸಿಸ್ಟಮ್ ಅಂತ ಓಡಿಸಿದರೆ ಅಂಥ ಜಾಗಗಳನ್ನು ಅದೇ ಮುಚ್ಚಿ ಕೊಡುತ್ತದೆ. ಡೊಮೇನ್ ಹೆಸರು ಮತ್ತು ಹೊರಗಿನ ಐಪಿ ಮಾತ್ರ ನೀವೇ ಕೈಯಾರೆ ಅಳಿಸಿ ಕಳಿಸಿ.